ಮೈ ಹಿತ್ತಾಳೆ, ದನಿ ಜೊಂಡಿನದು: ಸ್ಯಾಕ್ಸೋಫೋನ್ ಕೊಟ್ಟ ಅಡಾಲ್ಫ್ ಸ್ಯಾಕ್ಸ್ ಕಥೆ

ಅಮಾಸೆಬೈಲು, ಕುಂದಾಪುರ ಕಡೆಯ ಮದುವೆ, ದೇವಸ್ಥಾನದ ಉತ್ಸವಗಳಿಗೆ ಹೋದವರಿಗೆ ಸ್ಯಾಕ್ಸೋಫೋನ್ ಹೊಸದಲ್ಲ. ಫಳಫಳ ಹೊಳೆಯುವ ಹಿತ್ತಾಳೆ ನೋಡಿ ಇದೂ ತುತ್ತೂರಿಯ ಜಾತಿ ಎಂದುಕೊಳ್ಳುವವರಿದ್ದಾರೆ. ಅದು ತಪ್ಪು. ಇದು ಸೇರುವುದು ಕ್ಲಾರಿನೆಟ್ ಇರುವ ಮರದ ವಾದ್ಯಗಳ ಗುಂಪಿಗೆ. ಯಾಕೆಂದು ತಿಳಿಯಲು ಇದನ್ನು ಮಾಡಿದವರ ಬದುಕನ್ನೇ ನೋಡೋಣ.

ಅಡಾಲ್ಫ್ ಸ್ಯಾಕ್ಸ್ ಹುಟ್ಟಿದ್ದು 1814ರಲ್ಲಿ, ಬೆಲ್ಜಿಯಂನ ದಿನಾಂ ಪಟ್ಟಣದಲ್ಲಿ. ತಂದೆ ವಾದ್ಯ ತಯಾರಕರು. ಮಗ ಅವರ ಕಾರ್ಖಾನೆಯಲ್ಲೇ ಕೆಲಸ ಕಲಿತು, 1838ರಲ್ಲಿ ಸುಧಾರಿತ ಬೇಸ್ ಕ್ಲಾರಿನೆಟ್‌ಗೆ ಪೇಟೆಂಟ್ ಪಡೆದರು. 1842ರಲ್ಲಿ ಪ್ಯಾರಿಸ್ ಸೇರಿದರು. ಮಿಲಿಟರಿ ಬ್ಯಾಂಡಿಗೆ ತುತ್ತೂರಿಯಷ್ಟು ಜೋರಾದ, ಕ್ಲಾರಿನೆಟ್‌ನಷ್ಟು ಚುರುಕಾದ ವಾದ್ಯ ಬೇಕಿತ್ತು. 1846ರಲ್ಲಿ ಸ್ಯಾಕ್ಸೋಫೋನ್‌ಗೆ ಪೇಟೆಂಟ್ ಸಿಕ್ಕಿತು.

ಗುಟ್ಟು ಇರುವುದು ಬಾಯಿಗಿಡುವ ತುದಿಯಲ್ಲಿ. ತುತ್ತೂರಿಯಲ್ಲಿ ಊದುವವರ ತುಟಿಯೇ ಕಂಪಿಸುತ್ತದೆ. ಸ್ಯಾಕ್ಸೋಫೋನ್‌ನಲ್ಲಿ ಕಂಪಿಸುವುದು ರೀಡ್, ಅಂದರೆ ಜೊಂಡಿನ ತೆಳ್ಳಗಿನ ಸೀಳು. ನಾವು ಚಿಕ್ಕವರಿದ್ದಾಗ ತೆಂಗಿನ ಗರಿ ಸುತ್ತಿ ಪೀಪಿ ಊದಿದ್ದು ನೆನಪಿದೆಯಲ್ಲ? ಅದೇ ತತ್ವ. ಊದಿದಾಗ ರೀಡ್ ಸಂದನ್ನು ಮುಚ್ಚುತ್ತದೆ; ಕೊಳವೆಯೊಳಗಿಂದ ಮರಳಿ ಬರುವ ಗಾಳಿಯ ಒತ್ತಡ ಅದನ್ನು ಮತ್ತೆ ತೆರೆಯುತ್ತದೆ. ಸೆಕೆಂಡಿಗೆ 440 ಸಲ ಹೀಗಾದರೆ 440 ಹರ್ಟ್ಜ್ ಸ್ವರ. ರಂಧ್ರ ಮುಚ್ಚಿ ತೆರೆದರೆ ಒಳಗಿನ ಗಾಳಿಯ ಉದ್ದ ಬದಲಾಗುತ್ತದೆ, ಸ್ವರವೂ ಬದಲಾಗುತ್ತದೆ.

ಸ್ಯಾಕ್ಸ್ ಅವರ ಜಾಣತನ ಇನ್ನೊಂದಿತ್ತು. ಕ್ಲಾರಿನೆಟ್ ಕೊಳವೆ ಬಹುತೇಕ ಒಂದೇ ಅಗಲದ್ದು. ಮೇಲಿನ ಸ್ವರಕ್ಕೆ ಹಾರಿಸಿದರೆ ಕಂಪನ ಮೂರು ಪಟ್ಟಾಗುತ್ತದೆ. ಇವರು ಕೊಳವೆಯನ್ನು ಶಂಕುವಿನಂತೆ ಅಗಲವಾಗಿಸುತ್ತ ಹೋದರು. ಆಗ ಅದು ಸರಿಯಾಗಿ ಎರಡು ಪಟ್ಟು, ಅಂದರೆ ಮೇಲಿನ ಸ್ಥಾಯಿ. ಹಾಗಾಗಿ ಎರಡೂ ಸ್ಥಾಯಿಗೆ ಹೆಚ್ಚುಕಡಿಮೆ ಒಂದೇ ಬೆರಳಾಟ ಸಾಕು. ನಾದದ ಗುಣ ನಿರ್ಧರಿಸುವುದು ಲೋಹವಲ್ಲ, ಒಳಗಿನ ಗಾಳಿಯ ಆಕಾರ ಎಂದು ಅವರು ವಾದಿಸುತ್ತಿದ್ದರು.

ಯಶಸ್ಸು ನೆಮ್ಮದಿ ತರಲಿಲ್ಲ. ಎದುರಾಳಿ ತಯಾರಕರು ಪೇಟೆಂಟ್ ರದ್ದುಪಡಿಸಲು ವರ್ಷಗಟ್ಟಲೆ ಕೋರ್ಟಿಗೆ ಎಳೆದರು. 1852, 1873, 1877ರಲ್ಲಿ ಮೂರು ಸಲ ದಿವಾಳಿಯಾದರು. ನಡುವೆ ತುಟಿಯ ಗಡ್ಡೆಯೂ ಕಾಡಿತು. 1894ರಲ್ಲಿ ಪ್ಯಾರಿಸ್‌ನಲ್ಲಿ ಬಡತನದಲ್ಲೇ ತೀರಿಕೊಂಡರು.

ಅವರ ವಾದ್ಯ ಮಾತ್ರ ಕರಾವಳಿಯನ್ನೂ ಮುಟ್ಟಿತು. ಕೋಟದ ಶಿವರಾಮ ಕಾರಂತರು ಇದನ್ನು ಯಕ್ಷಗಾನ ಪ್ರಯೋಗಗಳಿಗೆ ತಂದರು. ಕದ್ರಿ ಗೋಪಾಲನಾಥ್ ಇದರಲ್ಲಿ ಕರ್ನಾಟಕ ಸಂಗೀತದ ಗಮಕ ನುಡಿಸಿ ತೋರಿಸಿದರು.

ಇನ್ನು ಮುಂದೆ ದಿಬ್ಬಣದಲ್ಲಿ ಯಾರಾದರೂ ಇದನ್ನು ತುತ್ತೂರಿ ಎಂದರೆ, ಬಾಯಿಗಿಡುವ ತುದಿಯಲ್ಲಿರುವ ಆ ಸಣ್ಣ ಸೀಳನ್ನು ತೋರಿಸಿ.