ಹೆರಿಗೆ ನೆರವಿನ ಹಿಂದಿನ ಹೆಸರು: ಡಾ. ಮುತ್ತುಲಕ್ಷ್ಮಿ ರೆಡ್ಡಿ

ಧರ್ಮಪುರಿ ಜಿಲ್ಲೆಯ ಪಾಲಕ್ಕೋಡು ತಾಲೂಕಿನ ಮಾರಂಡಹಳ್ಳಿಯ ಸುತ್ತಮುತ್ತ ತಮಿಳು, ತೆಲುಗುಗಳ ಜೊತೆಗೆ ಕನ್ನಡವೂ ಮನೆಮಾತಾಗಿ ಉಳಿದಿದೆ. ಇಲ್ಲಿಯ ಬಡ ಹೆಣ್ಣುಮಗಳೊಬ್ಬಳು ಗರ್ಭಿಣಿಯಾಗಿ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸುವಾಗ ಅವಳ ಕಿವಿಗೆ ಬೀಳುವ ಹೆಸರೊಂದಿದೆ. ಅದು ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರದು. ತಮಿಳುನಾಡು ಸರ್ಕಾರ 1987ರಲ್ಲಿ ಆರಂಭಿಸಿದ ಹೆರಿಗೆ ನೆರವಿನ ಯೋಜನೆಗೆ ಆ ಹೆಸರನ್ನಿಟ್ಟಿದೆ. ನಗದು ಮತ್ತು ಪೌಷ್ಟಿಕ ಆಹಾರದ ರೂಪದಲ್ಲಿ ಒಟ್ಟು 18,000 ರೂಪಾಯಿಯ ನೆರವು ಕಂತುಗಳಲ್ಲಿ ತಾಯಿಯ ಕೈ ಸೇರುತ್ತದೆ. ಹೆಸರು ಮನೆಮನೆಗೂ ಪರಿಚಿತ. ಅದರ ಹಿಂದಿನ ಬಾಳು ಅಷ್ಟಾಗಿ ಪರಿಚಿತವಲ್ಲ.

ಮುತ್ತುಲಕ್ಷ್ಮಿಯವರು 1886ರ ಜುಲೈ 30ರಂದು ಪುದುಕ್ಕೋಟೆ ಸಂಸ್ಥಾನದಲ್ಲಿ ಜನಿಸಿದರು. ತಂದೆ ನಾರಾಯಣಸ್ವಾಮಿ ಅಯ್ಯರ್ ಅಲ್ಲಿಯ ಮಹಾರಾಜಾ ಕಾಲೇಜಿನ ಪ್ರಾಂಶುಪಾಲರಾಗಿದ್ದವರು. ತಾಯಿ ಚಂದ್ರಮ್ಮಾಳ್ ದೇವದಾಸಿ ಮನೆತನದಿಂದ ಬಂದವರು. ಈ ಹುಟ್ಟು ಅಂದಿನ ಸಮಾಜದ ಕಣ್ಣಿನಲ್ಲಿ ಒಂದು ಕುಂದಾಗಿತ್ತು. ಮೈನೆರೆದ ಹುಡುಗಿ ಶಾಲೆಗೆ ಹೋಗುವುದು ಊಹಿಸಲಾಗದ ಕಾಲದಲ್ಲಿ ತಂದೆ ಮಗಳಿಗೆ ಮನೆಯಲ್ಲಿಯೇ ಪಾಠ ಹೇಳಿಸಿದರು. ಆಕೆ ಮೆಟ್ರಿಕ್ಯುಲೇಷನ್ ತೇರ್ಗಡೆಯಾಗಿ ಗಂಡುಮಕ್ಕಳ ಕಾಲೇಜಿಗೆ ಅರ್ಜಿ ಹಾಕಿದಾಗ ಊರಿನಲ್ಲಿ ವಿರೋಧವೆದ್ದಿತು. ಆಕೆಯ ಹುಟ್ಟನ್ನೂ ಹೆಣ್ಣುತನವನ್ನೂ ಮುಂದೆ ಮಾಡಿ ಪ್ರವೇಶ ತಡೆಯಲು ಹೊರಟವರಿದ್ದರು. ದೊರೆ ಮಾರ್ತಾಂಡ ಭೈರವ ತೊಂಡೈಮಾನ್ ಅವರ ಅಪ್ಪಣೆಯಿಂದ ಆ ಬಾಗಿಲು ತೆರೆಯಿತು.

1907ರಲ್ಲಿ ಅವರು ಮದರಾಸು ವೈದ್ಯಕೀಯ ಕಾಲೇಜನ್ನು ಸೇರಿದರು. ಅಲ್ಲಿ ಹೆಣ್ಣುಮಕ್ಕಳು ಓದಿದ್ದು ಅದೇ ಮೊದಲೇನಲ್ಲ. 1875ರಲ್ಲಿಯೇ ಮೇರಿ ಶಾರ್ಲಿಬ್ ಮೊದಲಾದ ನಾಲ್ವರಿಗೆ ಪ್ರವೇಶ ದೊರೆತಿತ್ತು. ಆದರೂ ಸಾಂಪ್ರದಾಯಿಕ ಊರೊಂದರಿಂದ ಬಂದ ದೇಶೀಯ ಹೆಣ್ಣುಮಗಳಿಗೆ ಆ ದಾರಿ ಸುಗಮವಾಗಿರಲಿಲ್ಲ. ಪದಕ, ಬಹುಮಾನಗಳೊಡನೆ 1912ರಲ್ಲಿ ಪದವಿ ಪಡೆದು, ಅವರು ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಹೌಸ್ ಸರ್ಜನ್ ಆದರು. 1914ರಲ್ಲಿ ವೈದ್ಯರಾದ ಸುಂದರ ರೆಡ್ಡಿ ಅವರನ್ನು ವರಿಸಿದರು. ತಮ್ಮನ್ನು ಸಮಾನಳೆಂದು ಕಾಣಬೇಕು, ತಮ್ಮ ಕೆಲಸಕ್ಕೆ ಅಡ್ಡಿಯಾಗಬಾರದು ಎಂಬ ಒಪ್ಪಂದದ ಮೇಲೆ ನಡೆದ ಮದುವೆ ಅದು.

ವೈದ್ಯವೃತ್ತಿ ಅವರಿಗೆ ಕಲಿಸಿದ ಪಾಠ ಆಸ್ಪತ್ರೆಯ ಗೋಡೆಗಳನ್ನು ದಾಟಿದ್ದಾಗಿತ್ತು. ದೇಹ ಬಲಿಯುವ ಮುನ್ನವೇ ಬಸುರಾದ ಬಾಲೆಯರು, ಎಡೆಬಿಡದ ಹೆರಿಗೆಗಳಿಂದ ರಕ್ತಹೀನರಾದ ತಾಯಂದಿರು, ಲಜ್ಜೆಯಿಂದಲೋ ಮನೆಯವರ ಅಂಕೆಯಿಂದಲೋ ಕಡೆಯ ಗಳಿಗೆಯವರೆಗೆ ವೈದ್ಯರ ಬಳಿಗೆ ಬಾರದವರು ಆ ಕಾಲದ ಹೆರಿಗೆ ಆಸ್ಪತ್ರೆಗಳ ನಿತ್ಯದ ನೋಟವಾಗಿದ್ದರು. ಎಳೆಯ ಹುಡುಗಿಯ ಸೊಂಟದ ಎಲುಬಿನ ಕಟ್ಟು ಪೂರ್ಣ ಬೆಳೆದಿರುವುದಿಲ್ಲ. ಶಿಶುವಿನ ತಲೆ ಅಲ್ಲಿ ಸಿಲುಕಿ ಹೆರಿಗೆ ದಿನಗಟ್ಟಲೆ ಎಳೆದರೆ ಮಗು ಸಾಯಬಹುದು. ತಾಯಿ ಬದುಕಿದರೂ ಮೂತ್ರಕೋಶಕ್ಕೆ ಗಾಯವಾಗಿ ಬಾಳೆಲ್ಲ ನರಳಬಹುದು. ಇಂಥ ರೋಗಕ್ಕೆ ಮೂಲ ಮದುವೆಯ ವಯಸ್ಸಿನಲ್ಲಿದೆ. ಔಷಧಿಯಷ್ಟರಿಂದ ಅದು ವಾಸಿಯಾಗದು. ಈ ಅರಿವೇ ಅವರನ್ನು ಶಾಸನಸಭೆಯತ್ತ ಒಯ್ದಿತು.

1925ರಲ್ಲಿ ಸ್ತ್ರೀಯರ ಮತ್ತು ಮಕ್ಕಳ ಕಾಯಿಲೆಗಳ ಹೆಚ್ಚಿನ ಅಧ್ಯಯನಕ್ಕಾಗಿ ಅವರು ಲಂಡನ್ನಿಗೆ ತೆರಳಿದರು. ಮರಳಿದ ಮೇಲೆ ಮದರಾಸು ಶಾಸನ ಪರಿಷತ್ತಿಗೆ ನಾಮಕರಣಗೊಂಡರು. 1927ರಲ್ಲಿ ಸದಸ್ಯರು ಅವರನ್ನು ಒಮ್ಮತದಿಂದ ಉಪಾಧ್ಯಕ್ಷೆಯನ್ನಾಗಿ ಆರಿಸಿದರು. ಹೆಣ್ಣಿನ ಮದುವೆಯ ವಯಸ್ಸು 16ಕ್ಕೂ ಗಂಡಿನದು 21ಕ್ಕೂ ಏರಬೇಕೆಂದು ಅವರು ಅಲ್ಲಿ ವಾದಿಸಿದರು. ಮೈಸೂರು ಸಂಸ್ಥಾನ 1894ರಲ್ಲಿ ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನು ನಿಷೇಧಿಸಿತ್ತು ಎಂಬುದನ್ನು ನೆನೆದರೆ, ಈ ಬೇಡಿಕೆ ಎಷ್ಟು ಮುಂದಿನದೆಂದು ತಿಳಿಯುತ್ತದೆ. 1929ರ ಶಾರದಾ ಕಾಯಿದೆ ಹೆಣ್ಣಿಗೆ ಗೊತ್ತುಮಾಡಿದ್ದು 14 ವರ್ಷವನ್ನು ಮಾತ್ರ.

ಅವರ ಹೆಸರು ಹೆಚ್ಚಾಗಿ ಬೆಸೆದುಕೊಂಡಿರುವುದು ದೇವದಾಸಿ ಪದ್ಧತಿಯ ವಿರುದ್ಧದ ಹೋರಾಟದೊಡನೆ. ಅದರ ಹಿಂದೆ ತಾಯಿಯ ಮನೆತನದ ನೋವಿತ್ತು. ವೈದ್ಯೆಯ ಅರಿವೂ ಇತ್ತು. ಗುಹ್ಯರೋಗಗಳಿಂದ ಗರ್ಭಪಾತ, ಬಂಜೆತನ, ಹುಟ್ಟುಕುರುಡುತನಗಳು ಬರುತ್ತವೆ. ಅಪ್ರಾಪ್ತ ಬಾಲೆಯನ್ನು ದೇವರಿಗೆ ಮುಡಿಪಿಡುವುದೆಂದರೆ ಅವಳನ್ನು ಈ ಅಪಾಯಕ್ಕೆ ಒಪ್ಪಿಸುವುದೆಂದು ಅವರು ಬಗೆದರು. 1929ರ ತಿದ್ದುಪಡಿಯಿಂದ ದೇವದಾಸಿಯರ ಇನಾಮು ಭೂಮಿ ದೇಗುಲದ ಸೇವೆಯ ಕಟ್ಟಿನಿಂದ ಬಿಡುಗಡೆಯಾಯಿತು. ಸಮರ್ಪಣೆಯನ್ನೇ ನಿಷೇಧಿಸುವ ಕಾನೂನು ಬರಲು 1947ರವರೆಗೆ ಕಾಯಬೇಕಾಯಿತು. ಬಳ್ಳಾರಿ, ದಕ್ಷಿಣ ಕನ್ನಡ, ಕೊಳ್ಳೇಗಾಲಗಳು ಆಗ ಮದರಾಸು ಪ್ರಾಂತಕ್ಕೆ ಸೇರಿದ್ದುದರಿಂದ ಕನ್ನಡನಾಡಿನ ಒಂದು ಭಾಗಕ್ಕೂ ಈ ಹೋರಾಟ ಸಂಬಂಧಿಸಿದ್ದು. ವಿರೋಧವೂ ಕನ್ನಡನಾಡಿನ ಮಗಳಿಂದಲೇ ಬಂದಿತು. ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರು ಮದರಾಸಿನ ದೇವದಾಸಿಯರ ಪರವಾಗಿ ನಿಂತು, ಈ ಸುಧಾರಣೆ ತಮ್ಮ ಕಲೆಗೂ ಆಸ್ತಿಯ ಹಕ್ಕಿಗೂ ಕುತ್ತೆಂದು ವಾದಿಸಿದರು. ಬಾಲೆಯರ ರಕ್ಷಣೆಯನ್ನು ಒಪ್ಪುವ ನಾವು ನಾಗರತ್ನಮ್ಮನವರ ಅಳಲನ್ನೂ ಕೇಳಿಸಿಕೊಳ್ಳಬೇಕು. ಆ ವಾದದಲ್ಲಿ ಇಬ್ಬರೂ ತಮ್ಮವರಿಗಾಗಿಯೇ ಮಾತಾಡಿದರು.

1930ರಲ್ಲಿ ಗಾಂಧೀಜಿಯವರ ಬಂಧನವನ್ನು ಪ್ರತಿಭಟಿಸಿ ಮುತ್ತುಲಕ್ಷ್ಮಿಯವರು ಪರಿಷತ್ತಿಗೆ ರಾಜೀನಾಮೆ ನೀಡಿದರು. ಆಸುಪಾಸಿನಲ್ಲಿಯೇ, ಯಾವ ವಸತಿಗೃಹವೂ ಸೇರಿಸಿಕೊಳ್ಳದ ದೇವದಾಸಿ ಮನೆತನದ ಹುಡುಗಿಯರಿಗೆ ತಮ್ಮ ಮನೆಯಲ್ಲಿ ಆಶ್ರಯವಿತ್ತರು. ಅದೇ ಅವ್ವೈ ಇಲ್ಲಂ ಆಗಿ ಬೆಳೆಯಿತು. ತಂಗಿಯನ್ನು ಕ್ಯಾನ್ಸರಿನಿಂದ ಕಳೆದುಕೊಂಡ ದುಃಖ ಅವರಲ್ಲಿ ಆರಿರಲಿಲ್ಲ. ರೋಗವನ್ನು ಮೊದಲು ಆಮಶಂಕೆಯೆಂದು ತಪ್ಪಾಗಿ ತಿಳಿಯಲಾಗಿತ್ತು. ಅನೇಕ ವರ್ಷಗಳ ಯಾಚನೆಯ ತರುವಾಯ 1954ರಲ್ಲಿ ಅಡ್ಯಾರಿನ ಕ್ಯಾನ್ಸರ್ ಸಂಸ್ಥೆ ಹನ್ನೆರಡು ಹಾಸಿಗೆಗಳೊಡನೆ ಆರಂಭವಾಯಿತು. 1956ರಲ್ಲಿ ಪದ್ಮಭೂಷಣ ಸಂದಿತು. 1968ರ ಜುಲೈ 22ರಂದು ಅವರು ತೀರಿಕೊಂಡರು.

ಅವರ ತರುವಾಯದ ವೈದ್ಯಸಂಶೋಧನೆಯೂ ಆಸ್ಪತ್ರೆಯಿಂದ ಹೊರಬಂದು ತಾಯಿಯ ಮನೆಬಾಗಿಲನ್ನು ಹುಡುಕುತ್ತಿದೆ. ಹೆರಿಗೆಯ ನಂತರದ ರಕ್ತಸ್ರಾವ ತಾಯಂದಿರ ಸಾವಿಗೆ ಮುಖ್ಯ ಕಾರಣ. ಬೆಳಗಾವಿ ಜಿಲ್ಲೆಯ ಹಳ್ಳಿಗಳ 1,620 ಹೆಣ್ಣುಮಕ್ಕಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಹಾಯಕ ದಾದಿಯರು ಬಾಯಿಯ ಮೂಲಕ ಕೊಟ್ಟ ಮಿಸೊಪ್ರೊಸ್ಟಾಲ್ ಮಾತ್ರೆ ಈ ರಕ್ತಸ್ರಾವವನ್ನು ನೂರಕ್ಕೆ 12ರಿಂದ 6.4ಕ್ಕೆ ಇಳಿಸಿತು. ದೊಡ್ಡ ಆಸ್ಪತ್ರೆ ದೂರವಿರುವ ಕಡೆಯೂ ಜೀವ ಉಳಿಸಬಹುದೆಂದು ಜಗತ್ತಿಗೆ ಕನ್ನಡನಾಡಿನ ಹಳ್ಳಿಗಳು ತೋರಿಸಿಕೊಟ್ಟವು. ಆದರೂ 2018-20ರ ಗಣನೆಯಂತೆ ಲಕ್ಷ ಜೀವಂತ ಜನನಗಳಿಗೆ ತಮಿಳುನಾಡಿನಲ್ಲಿ 54, ಕರ್ನಾಟಕದಲ್ಲಿ 69 ತಾಯಂದಿರು ಸತ್ತಿದ್ದಾರೆ.

ಹೆರಿಗೆ ನೆರವಿನ ಯೋಜನೆಗೆ ಒಂದು ನಿಬಂಧನೆಯಿದೆ: ತಾಯಿಗೆ 19 ವರ್ಷ ತುಂಬಿರಬೇಕು. ಬಾಲ್ಯವಿವಾಹ ಇನ್ನೂ ಪೂರ್ತಿ ಅಳಿಯದ ಗಡಿಸೀಮೆಯಲ್ಲಿ ಈ ಒಂದು ಸಾಲು ಮುತ್ತುಲಕ್ಷ್ಮಿಯವರ ಇಡೀ ವಾದವನ್ನು ಹೊತ್ತು ನಿಂತಿದೆ. ಆದರೆ 17ರಲ್ಲಿಯೇ ಬಸುರಾದವಳು ನೆರವು ತೀರ ಬೇಕಾದ ಹೊತ್ತಿನಲ್ಲಿ ಅದರಿಂದ ಹೊರಗುಳಿಯುತ್ತಾಳೆ. ಅವಳನ್ನು ಓದಿನಲ್ಲಿ ಉಳಿಸಿಕೊಳ್ಳುವ ಹೊಣೆ ಅರ್ಜಿಯ ಹಾಳೆಯದಲ್ಲ. ಅವಳ ಓರಗೆಯವರಾಗಿ ಅದೇ ಊರುಗಳಿಂದ ಕಾಲೇಜಿಗೆ ಬಂದಿರುವ ನಮ್ಮದು.