ಕವೀಂದ್ರರೂ ಅವರ ಭಾನುಸಿಂಹನೂ

ರವೀಂದ್ರನಾಥ ಠಾಕೂರರ ಹೆಸರೆತ್ತಿದೊಡನೆ ಗೀತಾಂಜಲಿಯೂ 1913ರ ನೊಬೆಲ್ ಪಾರಿತೋಷಕವೂ ನೆನಪಿಗೆ ಬರುವುದು ಸಹಜ. ಹದಿನಾರರ ಹುಡುಗನಾಗಿದ್ದಾಗ ಅವರು ಕಟ್ಟತೊಡಗಿದ ಹಾಡುಗಳ ಕಥೆಯನ್ನು ನಾವಿಂದು ಹೇಳಬಯಸುತ್ತೇವೆ. ಆ ಹಾಡುಗಳನ್ನು ಕವಿಗಳು ಮುಂದೆ ಕಟುವಾಗಿ ಹಳಿದರು. ಆದರೆ ಕೈಬಿಡಲಾರದೆ ಹೋದರು.

1861ರ ಮೇ 7ರಂದು ಕಲ್ಕತ್ತೆಯ ಜೋಡಾಸಾಂಕೊ ಮನೆಯಲ್ಲಿ ಜನಿಸಿದ ಬಾಲಕನಿಗೆ ಶಾಲೆ ಒಗ್ಗಲಿಲ್ಲ. ಮನೆಯಲ್ಲಿದ್ದ ವೈಷ್ಣವ ಪದಾವಳಿಗಳ ವ್ರಜಬುಲಿ ಭಾಷೆ, ಮೈಥಿಲಿ ಬೆರೆತು ಅರೆ ತಿಳಿದೂ ತಿಳಿಯದಂತಿದ್ದುದರಿಂದಲೇ, ಅವನನ್ನು ಸೆಳೆಯಿತು. ಅಕ್ಷಯಚಂದ್ರ ಚೌಧುರಿಯವರು ಅವನಿಗೆ ಇಂಗ್ಲೆಂಡಿನ ಚ್ಯಾಟರ್ಟನ್ನನ ಕಥೆ ಹೇಳಿದರು. ಆತ ತನ್ನ ಕವಿತೆಗಳನ್ನು ಪ್ರಾಚೀನ ಕವಿಯೊಬ್ಬನ ಹೆಸರಿನಲ್ಲಿ ಚಲಾಯಿಸಿ, ಹದಿನೇಳರ ಹರೆಯದಲ್ಲೇ ಪ್ರಾಣ ಕಳೆದುಕೊಂಡವನು. ಮರಣವೊಂದನ್ನುಳಿದು ಮಿಕ್ಕುದನ್ನೆಲ್ಲ ಅನುಕರಿಸಲು ನಮ್ಮ ಬಾಲಕ ನಿಶ್ಚಯಿಸಿದನು. ಮೋಡ ಕವಿದ ಒಂದು ಮಧ್ಯಾಹ್ನ, ಒಳಮನೆಯ ಹಾಸಿಗೆಯ ಮೇಲೆ ಬೋರಲು ಮಲಗಿ, ಸ್ಲೇಟಿನಲ್ಲಿ ಮೊದಲ ಪದವನ್ನು ಬರೆದನು. ಅಂಕಿತ ಭಾನುಸಿಂಹ. ಭಾನುವೆಂದರೂ ರವಿಯೆಂದರೂ ಸೂರ್ಯನೇ ಅಲ್ಲವೆ!

ಬ್ರಾಹ್ಮಸಮಾಜದ ಗ್ರಂಥಾಲಯದಲ್ಲಿ ಹಳೆಯ ಹಸ್ತಪ್ರತಿಯೊಂದು ದೊರೆಯಿತೆಂದು ಹೇಳಿ ಈ ಪದಗಳನ್ನು ಸ್ನೇಹಿತನೊಬ್ಬನಿಗೆ ಓದಿ ತೋರಿಸಿದನು. ವಿದ್ಯಾಪತಿ, ಚಂಡೀದಾಸರಿಗೂ ಇಂಥದು ಸಾಧ್ಯವಿರಲಿಲ್ಲವೆಂದು ಸ್ನೇಹಿತ ಉಬ್ಬಿಹೋದನು. ಗುಟ್ಟು ಹೊರಬಿದ್ದೊಡನೆ ಅವನ ಮುಖ ಚಿಕ್ಕದಾಯಿತು. ಪರವಾಗಿಲ್ಲವೆಂಬಷ್ಟಕ್ಕೆ ಹೊಗಳಿಕೆ ಇಳಿಯಿತು. ಹಾಡು ಅದೇ, ಹೆಸರು ಮಾತ್ರ ಬೇರೆ!

1877ರಿಂದ ಈ ಪದಗಳು ಠಾಕೂರರ ಮನೆತನದ ಭಾರತಿ ಪತ್ರಿಕೆಯಲ್ಲಿ ಬೆಳಕು ಕಂಡವು. ಪುಸ್ತಕವಾಗಲು ಏಳು ವರ್ಷ ಬೇಕಾಯಿತು. ಅದಕ್ಕೆ ಹಿಂದಿನ ವರ್ಷ, 1883ರಲ್ಲಿ, ತರುಣ ರವೀಂದ್ರರು ನಮ್ಮ ಕಾರವಾರದಲ್ಲಿದ್ದರು. ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರು. ಪ್ರಕೃತಿರ್ ಪ್ರತಿಶೋಧ ನಾಟಕ ರಚಿತವಾದುದು ಆ ಕಡಲತೀರದಲ್ಲಿಯೇ. ಕಲ್ಕತ್ತೆಗೆ ಮರಳಿದ ಮೇಲೆ ಡಿಸೆಂಬರಿನಲ್ಲಿ ವಿವಾಹವಾಯಿತು. 1884ರ ಏಪ್ರಿಲಿನಲ್ಲಿ ಅತ್ತಿಗೆ ಕಾದಂಬರಿ ದೇವಿಯವರು ತಾವಾಗಿಯೇ ಪ್ರಾಣ ನೀಗಿದರು. ಬಾಲ್ಯದಿಂದ ಜೊತೆಗಾತಿಯಾಗಿ, ಅವರ ಕವಿತೆಗಳಿಗೆ ಮೊದಲ ಕೇಳುಗಳಾಗಿ ಇದ್ದಾಕೆ. ಭಾನುಸಿಂಹನ ಪದಗಳನ್ನು ಅಚ್ಚು ಮಾಡಿಸೆಂದು ಆಕೆ ಹಲವು ಬಾರಿ ಒತ್ತಾಯಿಸಿದ್ದರು. ಪುಸ್ತಕ ಅದೇ ವರ್ಷ ಹೊರಬಂದಿತು, ನೋಡಲು ಆಕೆಯಿರಲಿಲ್ಲ. ಆಕೆಗೇ ಅದು ಅರ್ಪಿತವಾಯಿತು.

ಅದೇ ವರ್ಷ ರವೀಂದ್ರರು ಭಾನುಸಿಂಹನ ಅಣಕು ಜೀವನಚರಿತ್ರೆಯೊಂದನ್ನು ಹೆಸರಿಲ್ಲದೆ ಪ್ರಕಟಿಸಿ ಸಂಶೋಧಕ ಪಂಡಿತರನ್ನು ಗೇಲಿ ಮಾಡಿದರೆಂಬುದು ವಿಚಿತ್ರವಾದರೂ ನಿಜ. ದುಃಖವೂ ನಗುವೂ ಒಂದೇ ಮನೆಯಲ್ಲಿ ವಾಸಿಸಬಲ್ಲವೆಂದು ನಮಗೆ ತೋರುತ್ತದೆ.

1912ರ ಜೀವನಸ್ಮೃತಿಯಲ್ಲಿ ಐವತ್ತು ದಾಟಿದ ಕವಿಗಳು ನಿಷ್ಠುರರಾದರು. ಒರೆಗೆ ಹಚ್ಚಿದರೆ ಭಾನುಸಿಂಹನ ಬಂಡವಾಳ ಬಯಲಾಗುವುದೆಂದೂ, ಅದು ನಹಬತ್ತಿನ ನಾದವಲ್ಲ, ಅಗ್ಗದ ವಿಲಾಯತಿ ವಾದ್ಯಪೆಟ್ಟಿಗೆಯ ಸದ್ದೆಂದೂ ತೀರ್ಪು ಕೊಟ್ಟರು. ಈ ತೀರ್ಪು ಅತಿ ಕಠಿಣವಾಯಿತೆಂದು ನಾವು ಭಾವಿಸುತ್ತೇವೆ. ಕವಿಗಳ ನಡತೆಯೂ ತೀರ್ಪಿಗೆ ಹೊಂದಲಿಲ್ಲ. ಅರುವತ್ತರ ಹತ್ತಿರದಲ್ಲಿ ಕಾಶಿಯ ಬಾಲಿಕೆಯೊಬ್ಬಳಿಗೆ ಪತ್ರ ಬರೆಯುವಾಗ ಅವರು ಮತ್ತೆ ಭಾನುಸಿಂಹನಾದರು. 1930ರಲ್ಲಿ ಆ ಪತ್ರಗಳು ಅದೇ ಹೆಸರಿನಲ್ಲಿ ಪುಸ್ತಕವಾದವು. 1939ರಿಂದ ಸಮಗ್ರ ಗ್ರಂಥಾವಳಿ ಹೊರಡತೊಡಗಿದಾಗ, ಮೊದಲು ಅಚ್ಚಾದ ಪುಸ್ತಕವಾದ 1878ರ ಕವಿಕಾಹಿನಿಯನ್ನೂ ಎಳೆತನದ ಇತರ ಕಾವ್ಯಗಳನ್ನೂ ಚಲಾವಣೆಯಿಲ್ಲದ ಕೃತಿಗಳೆಂದು ಬೇರೆ ಸಂಪುಟಕ್ಕೆ ತಳ್ಳಲಾಯಿತು. ಭಾನುಸಿಂಹನ ಪದಾವಳಿಗೆ ಮಾತ್ರ ಮುಖ್ಯ ಸಾಲಿನಲ್ಲೇ ಸ್ಥಾನ ಸಿಕ್ಕಿತು.

1941ರ ಆಗಸ್ಟ್ 7ರಂದು ಕವಿಗಳು ತಾವು ಹುಟ್ಟಿದ ಮನೆಯಲ್ಲಿಯೇ ಕಣ್ಣು ಮುಚ್ಚಿದರು. ಆ ಇಪ್ಪತ್ತರಷ್ಟು ಪದಗಳಲ್ಲಿ ಕೆಲವಕ್ಕೆ ಮಾತ್ರ ಧಾಟಿ ಉಳಿದಿದೆ. ಸ್ಲೇಟಿನಲ್ಲಿ ಬರೆದ ಆ ಮೊದಲನೆಯದನ್ನು ಬಂಗಾಳದಲ್ಲಿ ಇಂದಿಗೂ ಹಾಡುತ್ತಾರೆ.