ಮೂರು ನಿಮಿಷದ ಗಾನ: ಗೌಹರ್ ಜಾನ್

ನಮ್ಮ ರಾಯದುರ್ಗ, ಮಡಕಶಿರಾ ಸೀಮೆಯವರಿಗೆ ಬಯಲಾಟವೆಂದರೆ ರಾತ್ರಿಯಿಡೀ ನಡೆಯುವ ಸಂಭ್ರಮ. ಅಲ್ಲಿ ಹಾಡುವವರಿಗೆ ಗಡಿಯಾರದ ಅಂಜಿಕೆಯಿಲ್ಲ. ಅಂಥವರಿಗೆ ಮೂರೇ ನಿಮಿಷದಲ್ಲಿ ಹಾಡಿ ಮುಗಿಸಿರೆಂದರೆ ಏನು ಮಾಡಿಯಾರು? ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಇಂಥ ಪರೀಕ್ಷೆಯನ್ನು ಎದುರಿಸಿ ಗೆದ್ದ ಗಾಯಕಿ ಗೌಹರ್ ಜಾನ್. ಅವರ ಜೀವನವನ್ನು ನಮ್ಮ ವಿದ್ಯಾರ್ಥಿಗಳಿಗೆ ಪರಿಚಯಿಸಬೇಕೆಂದು ನಾವು ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ಗೌಹರ್ ಜಾನ್ 1873ರಲ್ಲಿ ಉತ್ತರ ಭಾರತದ ಆಜಂಗಢದಲ್ಲಿ ಜನಿಸಿದರು. ಆಗ ಅವರ ಹೆಸರು ಏಂಜಲಿನಾ. ಮಗು ಚಿಕ್ಕದಿರುವಾಗಲೇ ತಂದೆತಾಯಿಗಳು ಬೇರೆಯಾದರು. ತಾಯಿ ಮಗಳೊಡನೆ ಕಾಶಿಗೆ ಬಂದು, ಇಸ್ಲಾಂ ಧರ್ಮವನ್ನು ಸ್ವೀಕರಿಸಿ, ಮಲ್ಕಾ ಜಾನ್ ಎಂಬ ಹೆಸರಿನಿಂದ ಗಾಯಕಿಯಾಗಿ ಪ್ರಸಿದ್ಧರಾದರು. ಮುಂದೆ ಕಲ್ಕತ್ತೆಯಲ್ಲಿ ನೆಲೆಸಿದರು. ಮಗಳು ಹೆಸರಾಂತ ಗುರುಗಳಲ್ಲಿ ಸಂಗೀತವನ್ನೂ ಕಥಕ್ ನೃತ್ಯವನ್ನೂ ಕಲಿತು, ಹದಿಹರೆಯದಲ್ಲಿಯೇ ದರ್ಭಾಂಗ ಮಹಾರಾಜರ ಆಸ್ಥಾನದಲ್ಲಿ ಹಾಡಿ ಮೆಚ್ಚುಗೆ ಪಡೆದರು.

1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಧ್ವನಿಮುದ್ರಣ ಆರಂಭಿಸಿದರು. ಆಗ ಮೈಕ್ ಇರಲಿಲ್ಲ. ಗಾಯಕರು ದೊಡ್ಡ ಕಹಳೆಯೊಳಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು. ಆ ದನಿಯ ಕಂಪನಕ್ಕೆ ಸೂಜಿಯೊಂದು ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುತ್ತಿತ್ತು. ತಟ್ಟೆಯಲ್ಲಿ ಸ್ಥಳವಿದ್ದದ್ದು ಸುಮಾರು ಮೂರು ನಿಮಿಷಕ್ಕೆ ಮಾತ್ರ. ಗಂಟೆಗಟ್ಟಲೆ ವಿಸ್ತರಿಸುವ ರಾಗವನ್ನು ಗೌಹರ್ ಜಾನ್ ಆ ಮೂರು ನಿಮಿಷಕ್ಕೆ ಇಳಿಸಿದರು. ಅವಸರದಿಂದ ಓಡಿಸಿದರೆಂದಲ್ಲ, ಬೇಕಾದ್ದನ್ನು ಉಳಿಸಿ ಬೇಡವಾದ್ದನ್ನು ಬಿಟ್ಟರು. ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಹೇಳಿ ಮುಗಿಸುತ್ತಿದ್ದರು. ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಅವರ ತಟ್ಟೆಗಳು ಬಂದವು.

ಇಲ್ಲಿ ವಿಜ್ಞಾನದ ಸಂಗತಿಯೊಂದಿದೆ. ಆ ಕಾಲದ ತಟ್ಟೆಗಳೆಲ್ಲ ಒಂದೇ ವೇಗದವಲ್ಲ. ನಿಮಿಷಕ್ಕೆ 74 ಸುತ್ತಿನಂತೆ ಮುದ್ರಿಸಿದ ಮೂರು ನಿಮಿಷದ ಹಾಡನ್ನು 78 ಸುತ್ತಿನಲ್ಲಿ ತಿರುಗಿಸಿದರೆ ಅದು ಸುಮಾರು 9 ಸೆಕೆಂಡು ಮೊದಲೇ ಮುಗಿಯುತ್ತದೆ. ಅಷ್ಟೇ ಅಲ್ಲ, ಶ್ರುತಿಯೂ ಹನ್ನೆರಡು ಸ್ವರಸ್ಥಾನಗಳಲ್ಲಿ ಸುಮಾರು ಒಂದು ಮೆಟ್ಟಿಲು ಏರುತ್ತದೆ. ಗಾಯಕಿಯ ಕಂಠವೇ ಬದಲಾದಂತೆ ಕೇಳುತ್ತದೆ. ಇಂದಿನ ಕಂಪ್ಯೂಟರ್ ಧ್ವನಿಯನ್ನು ಸಣ್ಣ ಸಣ್ಣ ತುಣುಕುಗಳಾಗಿ ಮಾಡಿ, ಒಂದರ ಅಂಚನ್ನು ಇನ್ನೊಂದರ ಮೇಲೆ ಹೊಂದಿಸಿ, ಶ್ರುತಿ ಕೆಡದಂತೆ ಕಾಲವನ್ನು ಮಾತ್ರ ಎಳೆಯಬಲ್ಲದು. ಆದರೆ ತಪ್ಪು ವೇಗದ ಹಳೆಯ ತಟ್ಟೆಗೆ ಇದು ಮದ್ದಲ್ಲ. ಕಾಲ ಸರಿಹೋದರೂ ಏರಿದ ಶ್ರುತಿ ಹಾಗೆಯೇ ಉಳಿಯುತ್ತದೆ. ಮೂಲ ವೇಗವನ್ನೇ ಹುಡುಕಿ ಕೊಟ್ಟರೆ ಎರಡೂ ಒಟ್ಟಿಗೆ ಸರಿಯಾಗುತ್ತವೆ.

1911ರ ದೆಹಲಿ ದರ್ಬಾರಿನಲ್ಲಿಯೂ ಹಾಡಿದ ಗೌಹರ್ ಜಾನ್ ಅಪಾರ ಸಂಪತ್ತು ಗಳಿಸಿದ್ದರು. ಆದರೆ ನಂಬಿದವರೊಡನೆ ಕೋರ್ಟು ವ್ಯಾಜ್ಯಗಳಾಗಿ ಆ ಸಂಪತ್ತು ಕರಗಿತು. ಕೊನೆಗೆ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಮೈಸೂರಿನ ಆಸ್ಥಾನ ಗಾಯಕಿಯಾಗಿ ನೇಮಿಸಿದರು. ಎರಡು ವರ್ಷ ತುಂಬುವ ಮೊದಲೇ, 1930ರ ಜನವರಿ 17ರಂದು, ಆ ಕನ್ನಡ ನೆಲದಲ್ಲಿಯೇ ಅವರು ತೀರಿಕೊಂಡರು. ಬಂಗಲೆ, ಒಡವೆ ಯಾವುದೂ ಉಳಿಯಲಿಲ್ಲ. ಕೊರೆದ ಗೆರೆಗಳಲ್ಲಿ ದನಿ ಉಳಿಯಿತು.

ಮಕ್ಕಳೇ, ನಿಮ್ಮ ಮನೆಯ ಅಜ್ಜಿ ಬೀಸುವ ಪದ, ಸೋಬಾನೆ ಪದ ಬಲ್ಲವರಾಗಿರಬಹುದು. ಈ ಗಡಿ ಸೀಮೆಯಲ್ಲಿ ಆ ಕನ್ನಡ ಪದಗಳನ್ನು ಬಲ್ಲವರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿರುವುದನ್ನು ನಾವು ಕಾಣುತ್ತಿದ್ದೇವೆ. ಇಂದು ಮನೆಯ ಫೋನಿನಲ್ಲಿಯೇ ಧ್ವನಿಮುದ್ರಣ ಸಾಧ್ಯ. ಮೂರು ನಿಮಿಷದ ಕಟ್ಟೂ ಇಲ್ಲ. ಪೋಷಕರೂ ಜೊತೆಗೆ ಕುಳಿತು, ಅವಸರಪಡಿಸದೆ ಪೂರ್ತಿ ಹಾಡಿಸಿರಿ. ಕೊನೆಗೆ ಗೌಹರ್ ಜಾನರಂತೆ ಅಜ್ಜಿಯ ಬಾಯಿಂದಲೇ ಅವರ ಹೆಸರನ್ನು ಹೇಳಿಸಲು ಮರೆಯಬೇಡಿರಿ.